ಎರಡೇಟು

ಗುರುವಾರ, ಮಾರ್ಚ್ ೧೨
ಆಸ್ಪತ್ರೆಯ ವರಾಂಡದಿಂದ

ಪ್ರೀತಿಯ ಕೋಲಮ್ಮನಿಗೆ,

ನಿನ್ನ ಗುಡುಗಮ್ಮನ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈದುಕೋ, ಬೈಸಿಕೊಳ್ಳುತ್ತೇನೆ. ಫೋನ್ ಮಾಡೋಣವೆಂದರೆ ನಿನಗೆ ಕಿವಿ ಕೇಳಿಸದು. ಅಷ್ಟು ವರ್ಷ ನನ್ನ ದೊಡ್ಡ ಡ್ರಮ್ಮಿನ ಮುಂದೆ ಕೋಲು ಹಿಡಿದು ಬ್ಯಾಂಡ್ ನಡೆಸಿದವಳಿಗೆ ಇನ್ನೇನಾಗಬೇಕು ಹೇಳು! ಈ ಕಾಗದ ತಂದವನು ನನ್ನ ಅಳಿಯ. ಕಾರು ತಂದಿದ್ದಾನೆ. ಓದಿ ಮುಗಿಸಿ ಅವನ ಜೊತೆ ಹೊರಟು ಬಾ.

ನಮ್ಮ ತುತ್ತೂರಿಯ ಮೆದುಳಿನಲ್ಲಿ ರಕ್ತಸ್ರಾವವಾಗಿದೆ. ನನ್ನ ಗಂಡನಿಗೆ ನೀನಿಟ್ಟ ಹೆಸರು ಇವತ್ತಿಗೂ ಬಾಯಿಂದ ಹೋಗಿಲ್ಲ ನೋಡು. ಗಾಜಿನಾಚೆ ಮಲಗಿದ್ದಾರೆ. ಟ್ರಂಪೆಟ್ ಊದುತ್ತಿದ್ದ ಬಾಯಿಗೆ ಈಗ ಮೆಷಿನ್ ಊದುತ್ತಿದೆ. ಬೆಳಿಗ್ಗೆ ಡಾಕ್ಟರು ಕನ್ನಡಕ ಒರೆಸುತ್ತಾ, "ನೋಡಿಮ್ಮ, ಉಸಿರಾಡ್ತಿರೋದು ಮೆಷಿನ್ನು, ಅವರಲ್ಲ. ಇನ್ನು ಏಳೋದಿಲ್ಲ. ನಿಲ್ಲಿಸೋದಾ ಬೇಡವಾ, ನಾಳೆ ಬೆಳಿಗ್ಗೆ ಹೇಳಿಬಿಡಿ" ಎಂದರು. ಮಗಳು "ನೀನು ಹೇಳಿದ ಹಾಗೆ ಅಮ್ಮಾ" ಎಂದು ಗೋಡೆ ಕಡೆ ತಿರುಗಿಕೊಂಡಳು. ಆಗಿನಿಂದ ಇಲ್ಲಿ ಯಾರ ಬೂಟು ಸದ್ದಾದರೂ ಡಾಕ್ಟರೇ ಬಂದರೇನೋ ಎಂದು ತಿರುಗಿ ನೋಡುತ್ತೇನೆ.

ನಮ್ಮ ಬೂಟುಗಳು ನೆನಪಿವೆಯೇನೇ? ನೂಲಿನ ಮಿಲ್ಲಿನ ಪಾಳಿ ಮುಗಿಸಿ, ತಲೆಯಲ್ಲಿ ಹತ್ತಿಯ ಧೂಳು ಹಾಗೇ ಇಟ್ಟುಕೊಂಡು, ಗೋದಾಮಿನ ಹಿಂದೆ ಕವಾಯತು ಮಾಡುತ್ತಿದ್ದೆವು. ನಿನ್ನ ಕೋಲಿನ ತುದಿಗೆ ಹಳೇ ಮಂಚದ ಹಿತ್ತಾಳೆ ಗುಂಡು! ಅದಕ್ಕೆ ಹುಣಿಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ, ರಾಣಿಯ ರಾಜದಂಡದ ಹಾಗೆ ಹಿಡಿದು ನಡೆಯುತ್ತಿದ್ದೆ. ನಿನ್ನ ಠೀವಿಗೆ ಮ್ಯಾನೇಜರೂ ದಾರಿ ಬಿಡುತ್ತಿದ್ದರು. ಅಯ್ಯೋ, ಎಷ್ಟು ಚೆನ್ನಾಗಿತ್ತೇ ಆ ಕಾಲ.

ಕೊನೆಯ ಸ್ಪರ್ಧೆಯನ್ನಂತೂ ನೀನು ಮರೆತಿರಲಾರೆ. ತೀರ್ಪುಗಾರರ ಮುಂದಿನ ಬಿಳಿ ಗೆರೆಯ ಮೇಲೆ ನಿಲ್ಲಬೇಕಿತ್ತು. ನೀನು ಕೋಲು ಎತ್ತಬೇಕು, ನಾನು ಡ್ರಮ್ಮಿಗೆ ಎರಡೇಟು ಕೊಡಬೇಕು, ಎಲ್ಲರೂ ಒಟ್ಟಿಗೆ ನಿಲ್ಲಿಸಬೇಕು. ನನ್ನ ಎರಡೇಟು ಬೀಳದೆ ಯಾರೂ ವಾದ್ಯದಿಂದ ತುಟಿ ತೆಗೆಯುವಂತಿಲ್ಲ. ನೀನು ಎತ್ತಿದೆ. ನಾನು ಕೊಡಲಿಲ್ಲ. ಇವರು ತಿರುವಿನಲ್ಲಿ ಲೇಸು ತುಳಿದು ಬಿದ್ದು, ಒಂದು ಬೂಟಿನಲ್ಲಿ ಕುಂಟುತ್ತಾ ಓಡಿ ಬರುತ್ತಿದ್ದರಲ್ಲ, ಹೇಗೆ ಕೊಡಲಿ? ಬ್ಯಾಂಡು ಗೆರೆ ದಾಟಿತು, ತೀರ್ಪುಗಾರರನ್ನೂ ದಾಟಿತು, ಹಗ್ಗ ಕಟ್ಟಿದ್ದ ಅಂಚಿಗೇ ಹೋಯಿತು. ಇವರು ಸೇರಿಕೊಂಡು ಏದುಸಿರಿನಲ್ಲೇ ನಾಲ್ಕು ಸ್ವರ ಊದಿದ ಮೇಲೆ ಎರಡೇಟು ಕೊಟ್ಟೆ. ಗೆಲುವಿನ ಕಪ್ಪು ಹೋಗಿ ಸಿಮೆಂಟ್ ಕಾರ್ಖಾನೆಯವರ ಪಾಲಾಯಿತು. ಆ ಮಳೆಗಾಲ ಮುಗಿಯುವವರೆಗೂ ನೀನು ಮಾತು ಬಿಟ್ಟಿದ್ದೆ. ಆಮೇಲೆ ನನ್ನ ಮದುವೆಗೆ ಬಂದು, "ಕಪ್ಪು ಹೋದ್ರೇನೇ, ಗಂಡ ಸಿಕ್ಕಿದನಲ್ಲ, ಬಿಡು" ಎಂದು ನಕ್ಕಿದ್ದೆ.

ಮನೆಗೆ ಬಂದವರಿಗೆಲ್ಲ ಇವರು ಇದೇ ಕಥೆ ಹೇಳುವುದು. "ಇವಳು ಕಾಯದಿದ್ರೆ ನಾನಿನ್ನೂ ಮೈದಾನದಲ್ಲೇ ಓಡ್ತಿರ್ತಿದ್ದೆ." ಹಾಗಾಗಿ ಮಗಳೂ ಅಳಿಯನೂ, ಅಮ್ಮ ಈಗಲೂ ಹಾಗೇ ಕಾಯುತ್ತಿದ್ದಾಳೆ ಅಂದುಕೊಂಡಿದ್ದಾರೆ. ನಾಳೆ ಏನು ಹೇಳಲೇ ನಾನು?

ನಿನ್ನ ಮೊಮ್ಮಗಳ ಪರೀಕ್ಷೆ ಸಲೀಸಾಗಿ ಮುಗಿಯಲಿ, ನಿನ್ನ ಮಂಡಿನೋವು ವಾಸಿಯಾಗಲಿ. ದೇವರು ನಿನ್ನ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನವಳೇ ಆದ,
ಗುಡುಗಮ್ಮ

ತಾ.ಕ.: ಮಗಳಿಗೂ ಹೇಳದ ಮಾತೊಂದಿದೆ. ಆಂಬುಲೆನ್ಸಿನಲ್ಲಿ ಇವರಿಗಿನ್ನೂ ಮಾತಿತ್ತು. ನನ್ನ ಮಣಿಕಟ್ಟು ಹಿಡಿದುಕೊಂಡು, "ಈ ಸಲ ಕಾಯಬೇಡ ಕಣೇ. ಎರಡೇಟು ಕೊಟ್ಟುಬಿಡು" ಎಂದರು. "ಅಪ್ಪ ಏನಾದ್ರೂ ಹೇಳಿದ್ರಾ?" ಎಂದು ಮಗಳು ಕೇಳಿದಾಗ ಇಲ್ಲ ಎಂದುಬಿಟ್ಟೆ. ಕೋಲಮ್ಮಾ, ನನ್ನೊಬ್ಬಳ ಕೈಯಲ್ಲಿ ಆಗುವುದಿಲ್ಲ. ನೀನು ಬಂದು ಇವರ ಕೋಣೆಯ ಬಾಗಿಲಲ್ಲಿ ನಿಂತು ಕೋಲು ಎತ್ತು. ಈ ಸಲ ಕೊಡುತ್ತೇನೆ.