ಖಾಲಿ ಬಂದೂಕಿಗೆ ಪೂಜೆಯಿಲ್ಲ

೧ ಅಕ್ಟೋಬರ್ ೨೦೨೫, ಬುಧವಾರ, ತೆಲಿಗಿ

ಇದನ್ನು ಬರೆಯದೇ ಮಲಗುವವಳಿದ್ದೆ. ಆಯುಧಪೂಜೆಗೆಂದು ದೇವರ ಮುಂದಿಟ್ಟ ಬಂದೂಕನ್ನು ಸಂಜೆ ದೀಪ ಹಚ್ಚುವಾಗ ಅತ್ತೆ ಪಕ್ಕಕ್ಕೆ ಸರಿಸಿದರು. ನಳಿಗೆ ನನ್ನ ಎದೆಗೆ ತಿರುಗಿತು.

“ಹೆದರಬ್ಯಾಡವಾ, ಅದು ಹಂದಿಗೆ, ಸೊಸಿಗಲ್ಲ” ಎಂದು ನಕ್ಕರು.

ಗುಂಡು ತೆಗೆದಿದ್ದೀರಲ್ಲ ಎಂದು ನಮ್ಮ ಯಜಮಾನರನ್ನು ಕೇಳಿದೆ. “ಖಾಲಿ ಬಂದೂಕಿಗೆ ಯಾರರ ಪೂಜಿ ಮಾಡ್ತಾರೇನು? ನಾಳಿ ಬನ್ನಿ ಮುಡಿಯೋತನಕ ಹಂಗ ಇರ್ಲಿ.”

ಗುಂಡು ತೆಗೆದು ಬೀಗ ಹಾಕಿಡಬೇಕೆಂಬ ಕಾನೂನು ಇವರಿಗೆ ಗೊತ್ತು. ದೇವರ ಮುಂದೆ ಅದು ನಡೆಯುವುದಿಲ್ಲವಂತೆ.

ನಾಳೆ ಬನ್ನಿ ಕೊಡಲು ಓಣಿಯ ಮಕ್ಕಳೆಲ್ಲ ಒಳಗೆ ಬರುತ್ತಾರೆ. ಗುಂಡು ತೆಗೆಯಲು ನನಗೆ ಬಾರದು. ದೇವರ ಮನೆಯ ಬಾಗಿಲಲ್ಲೇ ಕೂರುತ್ತೇನೆ.

ಬಂದೂಕನ್ನು ನೀವೇ ಇಟ್ಟುಕೊಳ್ಳಿ ಎಂದು ಠಾಣೆಗೆ ಅರ್ಜಿ ಬರೆದಿದ್ದೇನೆ. ಇದು ಗಂಡನ ಮೇಲೆ ದೂರೇ? ಇರಬಹುದು. ನಾಳೆ ಅಂಚೆಗೂ ರಜೆ. ಹಾಕುವುದು ಶುಕ್ರವಾರ, ಅಕ್ಟೋಬರ್ ೩.