ದೇವರ ದೀಪಕ್ಕೆ ಊದಿದ ಉಸಿರು

ಶ್ರಾವಣ ಸೋಮವಾರ, ಪಿಂಪ್ರಿ

ಇವತ್ತು ಉಪವಾಸವಿದ್ದೂ ನನ್ನ ಬಾಯಿ ಹೊಲಸಾಯಿತು.

ಸೊಸೆ ವಿದ್ಯಾಶ್ರೀಗೆ ಕರೋನಾ ಹೋದರೂ ದಮ್ಮು ಹೋಗಿಲ್ಲ. ಮೆಟ್ಟಿಲು ಹತ್ತುವಾಗ ನಡುವೆಯೇ ಕೂತುಬಿಡುತ್ತಾಳೆ. ಉಸಿರಿಗೆ ಬಲ ಬರಲೆಂದು ತುಟಿ ಸಣ್ಣಗೆ ಮಾಡಿ ಉರಿಯುವ ಮೇಣಬತ್ತಿಯ ಮೇಲೆ ಮೆಲ್ಲಗೆ ಊದಬೇಕು, ಉರಿ ಬಾಗಬೇಕು, ಆರಬಾರದು ಎಂದು ಡಾಕ್ಟರಬಾಯಿ ಕಲಿಸಿದ್ದಾರಂತೆ. ಮನೆಯಲ್ಲಿ ಮೇಣಬತ್ತಿ ಇರಲಿಲ್ಲ. ದೇವರ ಮುಂದಿನ ಹಿತ್ತಾಳೆ ದೀಪ ತಂದು ಅಡುಗೆಕಟ್ಟೆಯ ಮೇಲೆ ಹಚ್ಚಿಕೊಂಡು ಊದುತ್ತಿದ್ದಳು. ನಾನು ನೋಡಿದೆ.

“ದೇವರ ದೀಪಕ್ಕ ಬಾಯಿಲೆ ಊದತಾರೇನ? ಎಂಜಲ ಆಗೂದಿಲ್ಲೇನ? ನಿಮ್ಮ ಡಾಕ್ಟರಬಾಯಿ ಮನ್ಯಾಗ ದೇವರಿಲ್ಲೇನ?”

“ಆರಸೂದಿಲ್ರಿ ಅತ್ತಿ, ಬರೇ ಬಾಗಸೂದು” ಅಂದಳು. ಅಷ್ಟಕ್ಕೇ ಕೆಮ್ಮು ಬಂದು ಕಟ್ಟೆ ಹಿಡಿದು ನಿಂತಳು. ಆ ಕೆಮ್ಮಿಗೆ ದೀಪ ಆರಿತು. ನಾನು ಅವಳ ಬೆನ್ನು ಸವರಲಿಲ್ಲ. ದೀಪ ಒಯ್ದು ಹುಣಸೆಹಣ್ಣು ಹಚ್ಚಿ ತಿಕ್ಕಿದೆ.

ಅವಳು ಆಸ್ಪತ್ರೆಯಲ್ಲಿದ್ದಾಗ ಇದೇ ದೀಪ ಹಚ್ಚಿ, ಹುಡುಗಿಗೆ ಉಸಿರು ಕೊಡಪ್ಪಾ ಶಿವನೇ ಎಂದು ಅತ್ತವಳು ನಾನು. ಅವನು ಕೊಟ್ಟ. ಅವನು ಕೊಟ್ಟ ಉಸಿರಿಗೇ ಎಂಜಲು ಅಂದೆ. ಸಂಜೆ ಪೂಜೆಗೆ ಕೂತರೆ ಅವನ ಹೆಸರು ಬಾಯಿಗೆ ಬರಲಿಲ್ಲ.

ಉಪವಾಸ ಬಿಡುವಾಗ ಅವಳೇ ತಾಟು ತಂದಿಟ್ಟು, “ನಂದ ತಪ್ಪಾತ್ರಿ ಅತ್ತಿ. ನಾಳೆ ಮೇಣಬತ್ತಿ ತರತೇನ್ರಿ” ಅಂದಳು.

ತಪ್ಪು ನಿನ್ನದಲ್ಲ ಮಗಳೇ, ಆ ದೀಪವೇ ಇರಲಿ, ದೇವರ ಮುಂದೆಯೇ ಕೂತು ಊದು ಎನ್ನಬೇಕಿತ್ತು. ನಾಲಿಗೆಯ ತುದಿಯವರೆಗೂ ಬಂದಿತ್ತು.

“ಹೂಂ, ದೊಡ್ಡದು ತೊಗೊಂಡ ಬಾ” ಅಂದೆ.