ನಿನಗೆ ಯಾವ ಕಡೆ ನೋಯುತ್ತಿತ್ತು

ಅಮ್ಮಾ,

ಇವತ್ತು ನನ್ನ ಸೊಂಟನೋವು ತೋರಿಸಲು ಹೋಗಿದ್ದೆ. ಮೂಳೆ ಡಾಕ್ಟರು, ನರದ ಡಾಕ್ಟರು, ಮನಸ್ಸಿನ ಡಾಕ್ಟರು, ವ್ಯಾಯಾಮ ಮಾಡಿಸುವ ಫಿಸಿಯೋ ಮೇಡಂ, ನಾಲ್ವರೂ ಒಂದೇ ಕೋಣೆಯಲ್ಲಿ ನನ್ನ ಸುತ್ತ ಕೂತಿದ್ದರು! ನೀನು ನಿನ್ನ ಸೊಂಟನೋವಿನ ಕಥೆಯನ್ನು ಒಬ್ಬೊಬ್ಬ ಡಾಕ್ಟರ ಬಾಗಿಲಲ್ಲೂ ಮೊದಲಿನಿಂದ ಹೇಳುತ್ತಿದ್ದೆ; ನಾನು ನನ್ನದನ್ನು ಒಂದೇ ಸಲ ಹೇಳಿದೆ.

ಮೂಳೆ ಡಾಕ್ಟರು ಆಪರೇಷನ್ ಎಂದರು. "ತಡೀರಿ ಸರ್, ನೋವಿಗೆ ರಾತ್ರಿಯೆಲ್ಲಾ ನಿದ್ದೆ ಇಲ್ವಂತೆ, ಮೊದಲು ಇವರಿಗೆ ನಿದ್ದೆ ಬರ್ಲಿ" ಎಂದರು ಫಿಸಿಯೋ ಮೇಡಂ. ಅಷ್ಟು ದೊಡ್ಡ ಡಾಕ್ಟರು "ಹೌದಲ್ವಾ" ಎಂದು ಒಪ್ಪಿಬಿಟ್ಟರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

"ಮನೇಲಿ ಇನ್ಯಾರಿಗಾದ್ರೂ ಹೀಗಿತ್ತಾ?" ಎಂದರು ಮನಸ್ಸಿನ ಡಾಕ್ಟರು.

"ನಮ್ಮಮ್ಮಂಗಿತ್ತು. ಈಗಿಲ್ಲ ಅವರು."

ನಾಲ್ವರೂ ಪೆನ್ನು ಕೆಳಗಿಟ್ಟು ನನ್ನತ್ತ ತಿರುಗಿದರು. "ಅವರಿಗೆ ಯಾವ ಕಡೆ ನೋಯ್ತಿತ್ತು?" ಎಂದರು ಮೂಳೆ ಡಾಕ್ಟರು.

ನನ್ನ ಕೈ ಸೊಂಟದವರೆಗೆ ಹೋಗಿ ಅಲ್ಲೇ ನಿಂತಿತು.

ಎಡಗಡೆಯೋ ಅಮ್ಮಾ, ಬಲಗಡೆಯೋ?